ದುಬೈನಲ್ಲಿ ಹುಟ್ಟಿದ ಮೊಮ್ಮಗಳ ಪೌರತ್ವ

ಮೊಮ್ಮಗಳು ದುಬೈನಲ್ಲಿ ಹುಟ್ಟಿ ಎಂಟು ತಿಂಗಳಾಯಿತು, ಪುತ್ತರಿ ಹಬ್ಬಕ್ಕೆ ಊರಿಗೆ ಬಂದಾಗ ವಿರಾಜಪೇಟೆಯಲ್ಲೇ ನೋಂದಣಿ ಮಾಡಿಸಿದರೆ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ಅಲ್ಲಿಯವರೆಗೆ ಕಾಯಬೇಡಿ ಸರ್. 2004ರ ಡಿಸೆಂಬರ್ 3ರಿಂದ ಈಚೆಗೆ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನ, ಅಪ್ಪ ಅಮ್ಮ ಇಬ್ಬರೂ ಭಾರತೀಯರಾದರೂ, ಭಾರತದ ಪೌರತ್ವ ಸಿಗಲು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ (ದೂತಾವಾಸದ ಕಚೇರಿಯಲ್ಲಿ) ಒಂದು ವರ್ಷದೊಳಗೆ ನೋಂದಣಿಯಾಗಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಊರಿಗೆ ಬಂದು ಆಧಾರ್ ಮಾಡಿಸಿದರೂ ಸಾಲದು, ಅದು ಪೌರತ್ವದ ದಾಖಲೆಯಲ್ಲ. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕು.

ಹೆಸರಿನ ಮೇಲೆ ನಿಗಾ ಇರಲಿ. ನಮ್ಮಲ್ಲಿ ಮನೆತನದ ಹೆಸರು ಒಬ್ಬರಿಗೆ ಮುಂದೆ, ಒಬ್ಬರಿಗೆ ಹಿಂದೆ, ಕೆಲವರಿಗೆ ಬರೀ ಇನಿಶಿಯಲ್ಲು. ಅಲ್ಲಿನ ಜನನ ಪತ್ರದಲ್ಲಿರುವ ತಂದೆತಾಯಿಯ ಹೆಸರುಗಳು ಅವರ ಪಾಸ್‌ಪೋರ್ಟಿಗೆ ಅಕ್ಷರಶಃ ಹೊಂದುತ್ತವೆಯೇ ನೋಡಿ, ಇಲ್ಲದಿದ್ದರೆ ಮೊದಲು ತಿದ್ದಿಸಲಿ. ಇವತ್ತೇ ಮಗಳಿಗೆ ಫೋನ್ ಮಾಡಿ.