ರೈಸ್ ಮಿಲ್ ಪ್ಯಾನೆಲ್ ರೂಮಿಗೆ ರೆಸ್ಕ್ಯೂ ಹುಕ್

ಗಂಗಾವತಿಯ ನಿಮ್ಮ ಮಿಲ್‌ನಲ್ಲಿ ಬಿದಿರು ಕೋಲು ಇದೆ, ಕರೆಂಟ್ ಹೊಡೆದು ಅಂಟಿಕೊಂಡವರನ್ನು ಎಳೆದು ಬಿಡಿಸುವ ರೆಸ್ಕ್ಯೂ ಹುಕ್ ಯಾಕೆ ಅಂತ ಕೇಳಿದ್ದೀರಿ. ಬೇಕೇ ಬೇಕು ಸರ್. ಭತ್ತ ಬೇಯಿಸುವ ಹಬೆಗೆ ಬಿದಿರು ತೇವ ಹೀರುತ್ತದೆ, ಆಮೇಲೆ ಅದರಲ್ಲಿ ಕರೆಂಟ್ ಹರಿಯಬಹುದು. ನೋಡೋಕೆ ಮಾತ್ರ ಒಣಗಿದ ಹಾಗೇ ಇರುತ್ತದೆ, ತೊಂದರೆ ಅದೇ ಅಲ್ವಾ? ಫೈಬರ್‌ಗ್ಲಾಸ್ ಹುಕ್ ತಗೊಳ್ಳಿ, ಅದರ ಮೇಲೆ ಬರೆದಿರುವ ವೋಲ್ಟೇಜ್ ರೇಟಿಂಗ್ ಓದಿ. ಬಾಗಿಲ ಹತ್ತಿರ ಗೋಡೆಗೆ ನೇತುಹಾಕಿ. ದಯವಿಟ್ಟು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ!

ನಿಮ್ಮ 415 ವೋಲ್ಟ್‌ಗೆ ಕರೆಂಟ್ ತಡೆಯುವ ಕ್ಲಾಸ್ 0 ರಬ್ಬರ್ ಗ್ಲೌಸ್ ಸಾಕು, 1000 ವೋಲ್ಟ್ ತನಕ ನಡೆಯುತ್ತದೆ. ಆದರೆ ಮೊದಲು ಮೇನ್ ಆಫ್. ಅದು ಆಗದಿದ್ದಾಗ ಮಾತ್ರ ಹುಕ್. ಹೊರಗಿನ 11 ಕೆವಿ ಟ್ರಾನ್ಸ್‌ಫಾರ್ಮರ್ ಹತ್ತಿರ ಇದನ್ನು ಹಿಡಿದು ಹೋಗಲೇಬೇಡಿ, ವಿದ್ಯುತ್ ಕಂಪನಿ ಜೆಸ್ಕಾಂಗೆ ಹೇಳಿ ಲೈನ್ ಆಫ್ ಮಾಡಿಸಿ. ಬಿಡಿಸಿದ ಮೇಲೆ ಉಸಿರಿಲ್ಲ ಅಂದರೆ ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಎದೆ ಒತ್ತಲಿ, ನಿಮಿಷಕ್ಕೆ 100ರಿಂದ 120 ಸಲ.