ಆಫೀಸಿಗೆ ಏನು ಹಾಕಿಕೊಳ್ಳಲಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮುಂದಿನ ವಾರ ಹೊಸ ಕೆಲಸಕ್ಕೆ ಸೇರುತ್ತಿದ್ದೇನೆ. ಅವರು ಕಳಿಸಿದ ಪತ್ರದಲ್ಲಿ ‘ಬಿಸಿನೆಸ್ ಕ್ಯಾಶುಯಲ್’ ಎಂದಿದೆ. ಜೀನ್ಸ್ ಹಾಕಬಹುದಾ? ಮೊದಲ ದಿನವೇ ಪೆದ್ದನ ಹಾಗೆ ಕಾಣಲು ಇಷ್ಟವಿಲ್ಲ.

ಸೂಟು, ಟೈ ಬೇಡ. ಟೀ ಶರ್ಟು, ಹರಿದ ಜೀನ್ಸು, ಚಪ್ಪಲಿಯೂ ಬೇಡ. ಇವೆರಡರ ನಡುವೆ ಇರುವುದೆಲ್ಲ ಸಾಮಾನ್ಯವಾಗಿ ನಡೆಯುತ್ತದೆ. ಕಾಲರ್ ಇರುವ ಶರ್ಟು, ಕಾಟನ್ ಪ್ಯಾಂಟು, ಪಾಲಿಶ್ ಮಾಡಿದ ಶೂ ಇದ್ದರೆ ಮೊದಲ ವಾರ ಆರಾಮಾಗಿ ಕಳೆಯುತ್ತದೆ. ಗಾಢ ಬಣ್ಣದ ಜೀನ್ಸನ್ನು ಎಷ್ಟೋ ಆಫೀಸುಗಳಲ್ಲಿ ಒಪ್ಪುತ್ತಾರೆ, ಆದರೆ ನಿಮ್ಮ ಆಫೀಸು ಅಂಥದ್ದಾ ಅಂತ ಗೊತ್ತಾಗುವವರೆಗೆ ಅದು ಬೀರುವಿನಲ್ಲೇ ಇರಲಿ. ಎಚ್‌ಆರ್‌ನವರಿಗೆ ಒಂದು ಫೋನ್ ಮಾಡಿ ಕೇಳಿದರೂ ಆಯ್ತು. ಯಾರೂ ನಗುವುದಿಲ್ಲ, ಅವರಿಗೆ ದಿನಾ ಬರುವ ಪ್ರಶ್ನೆ ಅದು.

ಸೇರಿದ ಮೇಲೆ ಬಾಸ್ ಏನು ಹಾಕುತ್ತಾರೆ ಅಂತ ನೋಡಬೇಡಿ, ಅವರು ಏನು ಹಾಕಿದರೂ ನಡೆಯುತ್ತದೆ. ನಿಮ್ಮದೇ ಕೆಲಸ ಮಾಡುವವರು, ಅದರಲ್ಲೂ ಹೊರಗಿನವರನ್ನು ಭೇಟಿ ಮಾಡುವವರು ಏನು ಹಾಕುತ್ತಾರೆ ಅಂತ ನೋಡಿ. ಹೊಸ ಕೋಟು ಕೊಂಡಿದ್ದರೆ ತೋಳಿನ ಮೇಲೆ ಹೊಲಿದಿರುವ ಕಂಪನಿ ಚೀಟಿ, ಹಿಂದಿನ ಸೀಳನ್ನು ಹಿಡಿದಿಟ್ಟಿರುವ ಅಡ್ಡ ದಾರ, ಎರಡನ್ನೂ ಬಿಚ್ಚಿ. ಅವು ಅಂಗಡಿಯವರ ಅನುಕೂಲಕ್ಕೆ ಹಾಕಿದ್ದು, ಅದು ಗೊತ್ತಿಲ್ಲದೆ ಹಾಗೇ ಹಾಕಿಕೊಂಡು ಓಡಾಡುವವರು ಬಹಳ ಜನ.

ಪ್ರಶ್ನೆ: ದುಬಾರಿ ಶರ್ಟು ಕೊಂಡರೂ ನನ್ನ ಮೈಮೇಲೆ ಚೆನ್ನಾಗಿ ಕಾಣುವುದಿಲ್ಲ. ಪಕ್ಕದ ಸೀಟಿನವನು ಸಾಧಾರಣ ಶರ್ಟಿನಲ್ಲೇ ಮಿಂಚುತ್ತಾನೆ. ಏನು ಗುಟ್ಟು?

ಅವನ ಶರ್ಟು ಅವನ ಅಳತೆಗಿದೆ, ಅಷ್ಟೇ. ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವ ಕಡೆ ಬರಬೇಕು. ಕೆಳಗೆ ಜಾರಿದರೆ ಅಣ್ಣನ ಶರ್ಟು ಹಾಕಿಕೊಂಡ ಹಾಗೆ ಕಾಣುತ್ತದೆ. ಸೊಂಟ ಅಗಲವಾಗಿದ್ದರೆ, ತೋಳು ಉದ್ದವಾಗಿದ್ದರೆ ಟೈಲರ್ ಸರಿ ಮಾಡಿಕೊಡುತ್ತಾರೆ. ಭುಜ ಮಾತ್ರ ಕಷ್ಟ, ಅದಕ್ಕೇ ಕೊಳ್ಳುವಾಗ ಮೊದಲು ಭುಜ ನೋಡಿ. ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡಿದರೆ ಎಲ್ಲ ಬಟ್ಟೆಯೂ ಚೆಂದವೇ. ಕುಳಿತು ನೋಡಿ, ಗುಂಡಿಗಳ ನಡುವೆ ಬಾಯಿ ಬಿಡುತ್ತದಾ? ಕೈ ಎತ್ತಿ ನೋಡಿ, ಸೊಂಟದಿಂದ ಈಚೆ ಬರುತ್ತದಾ? ದಿನವಿಡೀ ಎಳೆದುಕೊಳ್ಳುತ್ತಾ ಕೂರಬೇಕಾದ ಬಟ್ಟೆ ಎಷ್ಟೇ ದುಬಾರಿಯಾದರೂ ಆಫೀಸಿಗೆ ಬೇಡ.

ಪ್ರಶ್ನೆ: ಕಾಟನ್ ಹಾಕಿದರೆ ಮಧ್ಯಾಹ್ನಕ್ಕೇ ಸುಕ್ಕು. ಪಾಲಿಯೆಸ್ಟರ್ ಹಾಕಿದರೆ ಬೆವರಿನ ವಾಸನೆ. ಯಾವುದು ಆಗಬಹುದು?

ಪಾಲಿಯೆಸ್ಟರ್ ನೀರನ್ನು ಹೀರುವುದಿಲ್ಲ, ಆದರೆ ಮೈಯ ಎಣ್ಣೆಯಂಶವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ವಾಸನೆ ಮಾಡುವ ಬ್ಯಾಕ್ಟೀರಿಯಾಗಳಿಗೆ ಅಷ್ಟು ಸಾಕು. ಜಾಸ್ತಿ ಬೆವರುವವರು ಕಾಟನ್ನಿಗೇ ಅಂಟಿಕೊಳ್ಳಿ, ಸ್ವಲ್ಪ ಪಾಲಿಯೆಸ್ಟರ್ ಬೆರೆತಿದ್ದರೆ ಸುಕ್ಕು ಕಡಿಮೆ. ಒಗೆದ ತಕ್ಷಣ ಝಾಡಿಸಿ ಹ್ಯಾಂಗರಿಗೆ ಹಾಕಿ, ಇನ್ನೂ ಚೂರು ತೇವ ಇರುವಾಗಲೇ ಇಸ್ತ್ರಿ ಮಾಡಿ. ಹಾಂ, ಒಂದೇ ಶೂವನ್ನು ದಿನಾ ಹಾಕಬೇಡಿ, ಒಳಗಿನ ಬೆವರು ಆರಲು ಒಂದು ದಿನ ಬಿಡಿ. ಎಷ್ಟೋ ಸಲ ವಾಸನೆ ಬರುವುದು ಅಲ್ಲಿಂದ, ಬೈಸಿಕೊಳ್ಳುವುದು ಶರ್ಟು.

ಪ್ರಶ್ನೆ: ನಮ್ಮ ಮ್ಯಾನೇಜರ್ ಎಲ್ಲರ ಮುಂದೆ ‘ಇದು ಆಫೀಸಿಗೆ ಹಾಕುವ ಬಟ್ಟೇನಾ?’ ಅಂದರು. ನಿಯಮದಲ್ಲಿ ‘ಅಚ್ಚುಕಟ್ಟಾಗಿರಿ’ ಅಂತ ಮಾತ್ರ ಇದೆ. ಅದೇ ಥರದ ಬಟ್ಟೆಯನ್ನು ಇನ್ನಿಬ್ಬರು ಹಾಕುತ್ತಾರೆ. ನನಗೆ ಮಾತ್ರ ಯಾಕೆ?

ಎಲ್ಲರ ಮುಂದೆ ಹೇಳಿದ್ದು ತಪ್ಪು. ಬಟ್ಟೆ ಹೇಗೇ ಇರಲಿ, ಅದು ತಪ್ಪೇ. ಆದರೂ ಅವರ ತಲೆಯಲ್ಲಿ ಏನಿತ್ತು ಅಂತ ತಿಳಿಯದೆ ಜಗಳಕ್ಕೆ ಹೋಗಬೇಡಿ. ಒಬ್ಬರೇ ಇರುವಾಗ ‘ನಿನ್ನೆ ಬಟ್ಟೆ ಬಗ್ಗೆ ಹೇಳಿದಿರಲ್ಲ ಸರ್, ಯಾವುದು ಸರಿ ಇರಲಿಲ್ಲ ಅಂತ ಹೇಳ್ತೀರಾ?’ ಅಂತ ಕೇಳಿ. ಸಿಟ್ಟು ಬೇಡ, ಕ್ಷಮೆಯೂ ಬೇಡ.

ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್‌ನಲ್ಲಿ ಮೊದಲು ಬಟ್ಟೆಯ ನಿಯಮವೇ ಹತ್ತು ಪುಟ ಇತ್ತಂತೆ. ಮೇರಿ ಬಾರಾ ಅಲ್ಲಿ ಎಚ್‌ಆರ್ ಮುಖ್ಯಸ್ಥೆಯಾಗಿದ್ದಾಗ ಅದನ್ನೆಲ್ಲ ತೆಗೆದು, ಸಂದರ್ಭಕ್ಕೆ ತಕ್ಕಂತೆ ಬಟ್ಟೆ ಹಾಕಿ ಅಂತ ಒಂದೇ ಸಾಲು ಮಾಡಿದರು. ಒಬ್ಬ ಹಿರಿಯ ಅಧಿಕಾರಿ, ಇಷ್ಟು ಸಾಲದು, ಇನ್ನೂ ಬಿಡಿಸಿ ಬರೆಯಿರಿ ಅಂತ ತಕರಾರು ತೆಗೆದರು. ಯಾಕೆ ಅಂತ ಕೇಳಿದರೆ, ಅವರ ತಂಡದವರು ಕೆಲವೊಮ್ಮೆ ದಿಢೀರನೆ ಸರ್ಕಾರಿ ಅಧಿಕಾರಿಗಳನ್ನು ನೋಡಲು ಹೋಗಬೇಕಿತ್ತು. ತಂಡದ ಜೊತೆ ನೀವೇ ಮಾತಾಡಿ ಅಂದರು ಬಾರಾ. ಒಂದು ಒಳ್ಳೆ ಪ್ಯಾಂಟನ್ನು ಲಾಕರಿನಲ್ಲಿ ಇಟ್ಟರೆ ಸಾಕು ಅಂತ ಅಲ್ಲೇ ಇತ್ಯರ್ಥವಾಯಿತು.

ನಿಮ್ಮ ಮ್ಯಾನೇಜರ್ ಮನಸ್ಸಿನಲ್ಲೂ ಇಂಥದ್ದೇ ಒಂದು ಭೇಟಿಯೋ ಮೀಟಿಂಗೋ ಇರಬಹುದು. ಹಾಗಿದ್ದರೆ ಸುಲಭ. ಆದರೆ ಅವರ ಮಾತು ಬಟ್ಟೆ ಬಿಟ್ಟು ನಿಮ್ಮ ಮೈಕಟ್ಟಿನ ಕಡೆಗೆ ತಿರುಗಿದರೆ, ಅಥವಾ ಆ ಇನ್ನಿಬ್ಬರಿಗೆ ಹೇಳದ್ದನ್ನು ನಿಮಗೆ ಮಾತ್ರ ಹೇಳುತ್ತಲೇ ಇದ್ದರೆ, ಯಾವ ದಿನ ಏನು ಹೇಳಿದರು ಅಂತ ಬರೆದಿಟ್ಟುಕೊಂಡು ಎಚ್‌ಆರ್‌ಗೆ ಬರವಣಿಗೆಯಲ್ಲೇ ದೂರು ಕೊಡಿ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ.

ಪ್ರಶ್ನೆ: ಆಫೀಸಿನ ಏಸಿಗೆ ನಡುಗುತ್ತೇನೆ. ಸ್ವೆಟರ್ ಹಾಕಿದರೆ ನಗುತ್ತಾರೆ.

ನಗಲಿ ಬಿಡಿ. ಆಫೀಸಿನ ತಾಪಮಾನದ ಲೆಕ್ಕವನ್ನು ದಶಕಗಳ ಹಿಂದೆ ಮಾಡಿದ್ದೇ ಸುಮಾರು 40 ವಯಸ್ಸಿನ, 70 ಕೆ.ಜಿ. ತೂಕದ ಗಂಡಸಿನ ಮೈಯಲ್ಲಿ ಹುಟ್ಟುವ ಶಾಖ ಇಟ್ಟುಕೊಂಡು. ಈ ಲೆಕ್ಕ ಹೆಂಗಸರಿಗೆ ಸರಿಹೊಂದುವುದಿಲ್ಲ ಅಂತ 2015ರಲ್ಲಿ ಇಬ್ಬರು ಸಂಶೋಧಕರು ತೋರಿಸಿದರು. ಜಪಾನಿನಲ್ಲಿ 2005ರಿಂದ ಬೇಸಿಗೆಯಲ್ಲಿ ಆಫೀಸಿನ ಒಳಗೆ 28 ಡಿಗ್ರಿ ಇರುವಂತೆ ನೋಡಿಕೊಂಡು, ಕೋಟು ಟೈ ಬಿಟ್ಟು ಬನ್ನಿ ಅಂತ ಸರ್ಕಾರವೇ ಹೇಳುತ್ತಾ ಬಂದಿದೆ. ನಿಮ್ಮಲ್ಲಿ ಅದು ಆಗುವವರೆಗೆ, ಗಾಢ ಬಣ್ಣದ ಒಂದು ತೆಳು ಬ್ಲೇಜರನ್ನೋ ಕಾರ್ಡಿಗನ್ನನ್ನೋ ಕುರ್ಚಿಯ ಬೆನ್ನಿಗೆ ಹಾಕಿಡಿ. ವಾರಕ್ಕೊಮ್ಮೆ ಮನೆಗೆ ತಂದು ಒಗೆಯಿರಿ, ಅದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ.