1947ರ ರೊಮಾನೆ-ಕೊಂಟಿ ಕೊಳ್ಳಬಹುದೆ?

ಫ್ರಾನ್ಸಿನ ಬರ್ಗಂಡಿಯಲ್ಲಿ ತಯಾರಾಗುವ ರೊಮಾನೆ-ಕೊಂಟಿ ಎಂಬ ಕೆಂಪು ವೈನಿನ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಬಹುಪಾಲು ಬೆಲೆಯನ್ನು ಕೇಳುತ್ತವೆ. ಬಾಟಲಿಯ ಮೇಲಿನ ಇಸವಿಯ ಬಗ್ಗೆ ಕೇಳುವವರು ವಿರಳ. ಒಂದೇ ಬಗೆಯ ಮೋಸಕ್ಕೆ ಮತ್ತೆ ಮತ್ತೆ ಜನ ಸಿಕ್ಕಿಬೀಳುವುದನ್ನು ನೋಡಿ ಬೇಸತ್ತು, ಈ ಬಾರಿ ಹೆಚ್ಚಿನ ಜಾಗವನ್ನು ಒಂದೇ ಪ್ರಶ್ನೆಗೆ ಕೊಟ್ಟಿದ್ದೇನೆ.

ಪ್ರಶ್ನೆ: ದುಬೈಯಲ್ಲಿರುವ ನಮ್ಮ ಭಾವನವರಿಗೆ ಪರಿಚಯದ ವ್ಯಾಪಾರಿಯೊಬ್ಬರು 1947ರ ರೊಮಾನೆ-ಕೊಂಟಿ ಬಾಟಲಿಯೊಂದನ್ನು ತೋರಿಸಿದ್ದಾರೆ. 1945ರ ಬಾಟಲಿ ಹರಾಜಿನಲ್ಲಿ ಕೋಟಿಗಟ್ಟಲೆ ಬೆಲೆಗೆ ಹೋಗಿದೆ, ಇದು ಅದಕ್ಕಿಂತ ಎರಡೇ ವರ್ಷ ಈಚಿನದಾದರೂ ಬಹಳ ಅಗ್ಗ ಎನ್ನುತ್ತಾರೆ. ಲೇಬಲ್ ಹಳೆಯದಾಗಿಯೇ ಕಾಣುತ್ತದೆ. ನಾವಿಬ್ಬರೂ ಸೇರಿ ಹಣ ಹೂಡಬಹುದೆ?

ಉತ್ತರ: ಹೂಡಬೇಡಿ, ಮುಂಗಡವನ್ನೂ ಕೊಡಬೇಡಿ. 1947ರ ರೊಮಾನೆ-ಕೊಂಟಿ ಎಂಬ ವೈನು ತಯಾರಾಗಿಯೇ ಇಲ್ಲ. 1946ರಿಂದ 1951ರವರೆಗಿನ ಆರು ವರ್ಷಗಳಲ್ಲಿ ಆ ತೋಟದ ಹೆಸರಿನಲ್ಲಿ ಒಂದು ಬಾಟಲಿಯೂ ಹೊರಬಂದಿಲ್ಲ. ಆದ್ದರಿಂದ ನಿಮ್ಮ ಭಾವನವರು ನೋಡಿದ ಬಾಟಲಿಯ ಕಾಗದ ಎಷ್ಟೇ ಹಳದಿಯಾಗಿದ್ದರೂ, ಬಿರಡೆ ಎಷ್ಟೇ ಕಪ್ಪಾಗಿದ್ದರೂ ಅದನ್ನು ಪರೀಕ್ಷೆಗೆ ಕಳಿಸುವ ಅಗತ್ಯವಿಲ್ಲ.

ಆ ಆರು ವರ್ಷ ವೈನು ಏಕೆ ಇರಲಿಲ್ಲ ಎಂಬುದು ಗೊತ್ತಾದರೆ 1945ರ ಬಾಟಲಿಗೆ ಅಷ್ಟು ಬೆಲೆ ಏಕೆ ಎಂಬುದೂ ಗೊತ್ತಾಗುತ್ತದೆ. ರೊಮಾನೆ-ಕೊಂಟಿ ಎಂಬುದು ವೋನ್-ರೊಮಾನೆ ಗ್ರಾಮದ ಮೇಲಿನ ಇಳಿಜಾರಿನಲ್ಲಿರುವ 1.81 ಹೆಕ್ಟೇರಿನ, ಅಂದರೆ ಸುಮಾರು ನಾಲ್ಕೂವರೆ ಎಕರೆಯ, ಒಂದೇ ತುಂಡು ನೆಲ. 1760ರಲ್ಲಿ ಕೊಂಟಿಯ ರಾಜಕುಮಾರ ಲೂಯಿ ಫ್ರಾಂಸ್ವಾ ದ ಬೂರ್ಬೊನ್ ಅದನ್ನು ಕೊಂಡಿದ್ದರಿಂದ ಅವನ ಬಿರುದು ನೆಲಕ್ಕೆ ಅಂಟಿಕೊಂಡಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರು ಹೀರುವ ಹೇನು ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ನಾಶಮಾಡಿದಾಗ, ಆ ಹೇನನ್ನು ತಾಳಿಕೊಳ್ಳಬಲ್ಲ ಅಮೆರಿಕದ ಬೇರುಗಳ ಮೇಲೆ ತಮ್ಮ ತಳಿಯನ್ನು ಕಸಿ ಕಟ್ಟುವುದೊಂದೇ ಬೆಳೆಗಾರರಿಗೆ ಉಳಿದ ದಾರಿಯಾಯಿತು. (ಬರ ಮತ್ತು ಸವಳು ನೆಲದ ಕಾರಣಕ್ಕೆ ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಕಟ್ಟುವ ನಮ್ಮ ವಿಜಯಪುರದ ಕಡೆಯ ಬೆಳೆಗಾರರಿಗೆ ಈ ಕೆಲಸವನ್ನು ವಿವರಿಸಬೇಕಿಲ್ಲ; ಅವರು ಬಳಸುವ ಆ ಬೇರೂ ಅಮೆರಿಕ ಮೂಲದ್ದೇ.) ರೊಮಾನೆ-ಕೊಂಟಿಯ ಒಡೆಯರು ಮಾತ್ರ ಕಸಿಗೆ ಒಪ್ಪಲಿಲ್ಲ. ಮಣ್ಣಿಗೆ ಕಾರ್ಬನ್ ಡೈಸಲ್ಫೈಡ್ ಚುಚ್ಚಿ ಹೇನನ್ನು ಹತೋಟಿಯಲ್ಲಿಟ್ಟರು, ಸತ್ತ ಬಳ್ಳಿಯ ಜಾಗಕ್ಕೆ ಪಕ್ಕದ ಬಳ್ಳಿಯ ಕೊಂಬೆಯನ್ನೇ ಬಗ್ಗಿಸಿ ನೆಲದಲ್ಲಿ ಹೂತು ಬೇರು ಬಿಡಿಸಿದರು, ಹೀಗೆ ಹಳೆಯ ಸ್ವಂತ ಬೇರಿನ ಬಳ್ಳಿಗಳನ್ನು ಎರಡನೆಯ ಮಹಾಯುದ್ಧದವರೆಗೂ ಉಳಿಸಿಕೊಂಡು ಬಂದರು.

ಯುದ್ಧಕಾಲದಲ್ಲಿ ಔಷಧವೂ ಆಳುಗಳೂ ಸಿಗದೆ ಬಳ್ಳಿಗಳು ಸೊರಗಿದವು. 1945ರಲ್ಲಿ ಆ ಮುದಿ ಬಳ್ಳಿಗಳಿಂದ ಸಿಕ್ಕಿದ್ದು ಸುಮಾರು 600 ಬಾಟಲಿ. ಸಾಮಾನ್ಯ ವರ್ಷದಲ್ಲಿ ಆ ತೋಟ ಐದಾರು ಸಾವಿರ ಬಾಟಲಿ ಕೊಡುತ್ತದೆ ಎಂಬುದನ್ನು ನೆನೆದರೆ ಅದೆಷ್ಟು ಕಡಿಮೆ ಎಂಬುದು ತಿಳಿಯುತ್ತದೆ. ಆ ಕೊಯ್ಲಿನ ನಂತರ ಬಳ್ಳಿಗಳನ್ನು ಕಿತ್ತರು, 1947ರಲ್ಲಿ ಕಸಿ ಕಟ್ಟಿದ ಹೊಸ ಬಳ್ಳಿಗಳನ್ನು ನೆಟ್ಟರು. ನಿಮಗೆ ತೋರಿಸಿದ ಬಾಟಲಿಯ ಮೇಲಿರುವುದು ಹೀಗೆ ಸಸಿ ನೆಟ್ಟ ವರ್ಷ; ಹಣ್ಣು ಎಲ್ಲಿಂದ ಬಂತೆಂದು ಆ ವ್ಯಾಪಾರಿಯನ್ನೇ ಕೇಳಿ. ಹೊಸ ಬಳ್ಳಿಗಳ ಮೊದಲ ರೊಮಾನೆ-ಕೊಂಟಿ 1952ರದ್ದು.

ಇನ್ನು ಹರಾಜಿನ ಮಾತು. 2018ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಸೋದಬೀಸ್‌ನಲ್ಲಿ 1945ರ ಒಂದು ಬಾಟಲಿ 5,58,000 ಡಾಲರಿಗೆ, ಅಂದಿನ ಲೆಕ್ಕದಲ್ಲಿ ನಾಲ್ಕು ಕೋಟಿ ರೂಪಾಯಿಗೂ ಮಿಗಿಲಾದ ಬೆಲೆಗೆ, ಹೋದದ್ದು ನಿಜ. ಅದೇ ಹರಾಜಿನಲ್ಲಿ ಇನ್ನೊಂದು 4,96,000 ಡಾಲರಿಗೆ ಹೋಯಿತು. ಆದರೆ ಆ ಬಾಟಲಿಗಳು ಬಂದದ್ದು ರೊಬೇರ್ ದ್ರುಆಂ ಅವರ ಸ್ವಂತ ನೆಲಮಾಳಿಗೆಯಿಂದ. ಅವರ ಮನೆತನದ ಸಂಸ್ಥೆ ದಶಕಗಳ ಕಾಲ ಈ ತೋಟದ ವೈನನ್ನು ವಿತರಿಸುತ್ತಿತ್ತು. ತೋಟದಿಂದ ಹೊರಟ ಬಾಟಲಿ ಯಾರ ಕೈಯಲ್ಲಿತ್ತು, ಯಾವ ಮಾಳಿಗೆಯಲ್ಲಿ ಮಲಗಿತ್ತು ಎಂಬುದರ ದಾಖಲೆಗೇ ಅಲ್ಲಿ ಹಣ ಸಂದದ್ದು. ನಿಮ್ಮ ವ್ಯಾಪಾರಿಯ ಬಳಿ ಅಂಥ ಒಂದು ಚೀಟಿಯೂ ಇದ್ದಂತೆ ನಿಮ್ಮ ಪತ್ರದಲ್ಲಿ ಕಾಣುವುದಿಲ್ಲ.

ಇಸವಿಯಿಂದಲೇ ಮೋಸ ಬಯಲಾದ ಪ್ರಸಂಗ ಬರ್ಗಂಡಿಯಲ್ಲಿ ಹಿಂದೆಯೂ ನಡೆದಿದೆ. 2008ರಲ್ಲಿ ನ್ಯೂಯಾರ್ಕಿನ ಒಂದು ಹರಾಜಿಗೆ ಪೊನ್ಸೊ ಮನೆತನದ ಕ್ಲೊ ಸ್ಯಾಂ-ದನಿ ವೈನಿನ 1945ರಿಂದ 1971ರವರೆಗಿನ ಬಾಟಲಿಗಳು ಬಂದಿದ್ದವು. ತಾವು ಆ ವೈನನ್ನು ತಯಾರಿಸತೊಡಗಿದ್ದೇ 1980ರ ದಶಕದಲ್ಲಿ ಎಂದು ಲೊರಾಂ ಪೊನ್ಸೊ ಸ್ವತಃ ಎದ್ದುಬಂದು ಅವನ್ನು ಹಿಂತೆಗೆಸಿದರು. ಬಾಟಲಿಗಳ ಜಾಡು ರೂಡಿ ಕುರ್ನಿಯವಾನ್ ಎಂಬಾತನ ಮನೆಗೆ ಹೋಗಿ ಮುಟ್ಟಿತು. 2012ರಲ್ಲಿ ಅಲ್ಲಿ ಶೋಧ ನಡೆಸಿದ ಅಧಿಕಾರಿಗಳಿಗೆ ಲೇಬಲ್‌ಗಳೂ ಬಿರಡೆಗಳೂ ಮುದ್ರೆಗಳೂ ಸಿಕ್ಕವು. 2014ರಲ್ಲಿ ಆತನಿಗೆ ಹತ್ತು ವರ್ಷ ಸೆರೆಯಾಯಿತು. ಆತ ಹೋಟೆಲುಗಳಿಂದ ನಿಜವಾದ ಖಾಲಿ ಬಾಟಲಿಗಳನ್ನು ತರಿಸಿಕೊಳ್ಳುತ್ತಿದ್ದನೆಂಬುದನ್ನು ಗಮನಿಸಿ. ಗಾಜು ಅಸಲಿಯಾಗಿದ್ದ ಮಾತ್ರಕ್ಕೆ ಒಳಗಿನದು ಅಸಲಿಯಾಗುವುದಿಲ್ಲ.

ನಾಳೆ ಇದೇ ವ್ಯಾಪಾರಿ ‘ತಪ್ಪಾಯಿತು, ಅದು 1945ರದ್ದು’ ಎಂದು ಇನ್ನೊಂದನ್ನು ತಂದರೆ ಇನ್ನಷ್ಟು ಎಚ್ಚರವಾಗಿರಿ. ಎಂಬತ್ತು ವರ್ಷ ದಾಟಿದ ಬಾಟಲಿಯಲ್ಲಿ, ಬಿರಡೆ ಬದಲಿಸಿದ ದಾಖಲೆಯಿಲ್ಲದೆ, ವೈನು ಕತ್ತಿನ ತುದಿಯವರೆಗೆ ತುಂಬಿದ್ದರೆ ಅನುಮಾನಿಸಬೇಕು. ಲೇಬಲ್ ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆದರೆ ಅದು ಯುದ್ಧಾನಂತರದ, ಬೆಳ್ಳಗಾಗಿಸುವ ರಾಸಾಯನಿಕ ಬೆರೆಸಿದ ಕಾಗದ. ಈ ಎರಡು ಪರೀಕ್ಷೆಗಳಲ್ಲಿ ಪಾಸಾದ ಬಾಟಲಿಯನ್ನೂ ದಾಖಲೆಯಿಲ್ಲದಿದ್ದರೆ ನಾನು ಕೊಳ್ಳುವುದಿಲ್ಲ. ನನ್ನದು ಅತಿಯಾದ ಎಚ್ಚರಿಕೆ ಎಂದು ಬೈಯುವ ವ್ಯಾಪಾರಿಗಳಿದ್ದಾರೆ. ನಷ್ಟ ತುಂಬಿಕೊಡುತ್ತೇನೆಂದು ಬರೆದುಕೊಟ್ಟವರು ಅವರಲ್ಲಿ ಒಬ್ಬರೂ ಇಲ್ಲ.

ಪ್ರಶ್ನೆ: ನನ್ನ ಬಳಿಯ ಬಾಟಲಿಯಲ್ಲಿ ‘ಡೊಮೇನ್ ದ ಲಾ ರೊಮಾನೆ-ಕೊಂಟಿ’ ಎಂದು ಸ್ಪಷ್ಟವಾಗಿದೆ, ಕೆಳಗೆ ‘ಎಶೆಝೊ’ ಎಂದಿದೆ. ಇದು ರೊಮಾನೆ-ಕೊಂಟಿಯೇ ತಾನೆ?

ಉತ್ತರ: ಅಲ್ಲ. ಮೊದಲನೆಯದು ಸಂಸ್ಥೆಯ ಹೆಸರು, ಎರಡನೆಯದು ತೋಟದ ಹೆಸರು. ಲಾ ತಾಷ್, ರಿಶ್‌ಬೂರ್, ಎಶೆಝೊ ಮೊದಲಾದ ತೋಟಗಳ ವೈನನ್ನೂ ಅದೇ ಸಂಸ್ಥೆ ತಯಾರಿಸುತ್ತದೆ, ಅವೂ ಉತ್ತಮವಾದವೇ. ಆದರೆ ‘ಅಪೆಲ್ಲಾಸಿಯೊಂ’ ಎಂಬ ಪದದ ಪಕ್ಕದಲ್ಲಿ ರೊಮಾನೆ-ಕೊಂಟಿ ಎಂದು ಇಲ್ಲದಿದ್ದರೆ ಆ ಬೆಲೆ ಕೊಡಬೇಡಿ. ‘ವೋನ್-ರೊಮಾನೆ’ ಎಂಬುದು ಊರಿನ ಹೆಸರು, ಬೇರೆ ಮನೆತನದ ‘ಲಾ ರೊಮಾನೆ’ ಎಂಬುದು ಮೇಲುಗಡೆಯ ಪಕ್ಕದ ತೋಟ. ಇವನ್ನು ಒಂದೇ ಎಂದು ಮಾರುವವರು ತಿಳಿದೇ ಮಾರುತ್ತಾರೆ.

ಪ್ರಶ್ನೆ: ಒಳ್ಳೆಯ ಫ್ರೆಂಚ್ ಕೆಂಪು ವೈನು ಬಾಣಂತಿಯರಿಗೆ ರಕ್ತ ಹೆಚ್ಚಿಸುತ್ತದೆ ಎಂದು ನಮ್ಮ ಕಡೆ ಒಬ್ಬರು ಹೇಳುತ್ತಾರೆ. ಎಷ್ಟು ಕೊಡಬೇಕು?

ಉತ್ತರ: ಒಂದು ಚಮಚವನ್ನೂ ಕೊಡಬೇಡಿ. ಬಣ್ಣ ಕೆಂಪಾದ ಮಾತ್ರಕ್ಕೆ ರಕ್ತವಾಗುವುದಿಲ್ಲ, ಮದ್ಯಸಾರ ಎದೆಹಾಲಿಗೆ ಸೇರುತ್ತದೆ. ಮದ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಬಾಣಂತಿಗೆ ರಕ್ತ ಕಡಿಮೆಯಿದ್ದರೆ ವೈದ್ಯರ ಬಳಿ ಕರೆದುಕೊಂಡು ಹೋಗಿ; ಈ ಸಲಹೆ ಕೊಟ್ಟವರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಪ್ರಶ್ನೆ: ಬೆಂಗಳೂರಿನ ಮನೆಯ ಅಟ್ಟದಲ್ಲಿ ಇಪ್ಪತ್ತು ವರ್ಷ ಇಟ್ಟರೆ ಯಾವ ವೈನಾದರೂ ಬೆಲೆಬಾಳುತ್ತದೆಯೆ?

ಉತ್ತರ: ಇಲ್ಲ, ಹೆಚ್ಚಿನ ವೈನುಗಳು ಕೆಲವೇ ವರ್ಷಗಳಲ್ಲಿ ಕುಡಿಯಲೆಂದು ಮಾಡಿದವು, ದೀರ್ಘಕಾಲ ಬಾಳುವವಕ್ಕೂ 12–13 ಡಿಗ್ರಿಯ ಕತ್ತಲೆಯ ತಂಪು ಬೇಕು.

ಪ್ರಶ್ನೆ: ಮಗ ಲಿಯಾನ್‌ನಲ್ಲಿ ಓದುತ್ತಿದ್ದಾನೆ. ಮುಂದಿನ ತಿಂಗಳು ಹೋದಾಗ ಆ ತೋಟದೊಳಗೆ ಹೋಗಿ ಒಂದು ಹಿಡಿ ಮಣ್ಣು ತರಬಹುದೆ?

ಉತ್ತರ: ಖಂಡಿತ ಬೇಡ. ಬರ್ಗಂಡಿಯ ಈ ತೋಟಗಳು 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ, ನೋಡಲು ಅವಶ್ಯ ಹೋಗಿ. ರೊಮಾನೆ-ಕೊಂಟಿಗೆ ಮೊಣಕಾಲೆತ್ತರದ ಕಲ್ಲಿನ ಗೋಡೆಯೊಂದಿದೆ, ಅದರ ಮೇಲೆ ಕಲ್ಲಿನ ಶಿಲುಬೆಯಿದೆ. ನೋಡಲು ಬರುವವರ ಆಸೆ ತಮಗೆ ಅರ್ಥವಾಗುತ್ತದೆ, ಆದರೆ ದಯವಿಟ್ಟು ರಸ್ತೆಯಲ್ಲೇ ನಿಲ್ಲಿ, ಒಳಗೆ ಕಾಲಿಡಬೇಡಿ ಎಂಬ ಫಲಕವೂ ಅಲ್ಲಿದೆ. 2010ರಲ್ಲಿ ಒಬ್ಬಾತ ಬಳ್ಳಿಗಳಿಗೆ ವಿಷ ಹಾಕಿ, ಉಳಿದವು ಬದುಕಬೇಕಾದರೆ ಹತ್ತು ಲಕ್ಷ ಯೂರೊ ಕೊಡಿ ಎಂದು ಬೆದರಿಸಿ ಸಿಕ್ಕಿಬಿದ್ದಿದ್ದ. ಅಂಥದ್ದನ್ನು ಕಂಡ ತೋಟದೊಳಗೆ ಮಣ್ಣು ಕೆದಕುವ ಅಪರಿಚಿತರನ್ನು ಅಲ್ಲಿಯವರು ಹೇಗೆ ನೋಡಿಯಾರೆಂದು ಯೋಚಿಸಿ. ಇಡೀ ನೆಲ ರಸ್ತೆಯಿಂದಲೇ ಒಂದೇ ನೋಟಕ್ಕೆ ಕಾಣುತ್ತದೆ. ಕೊಯ್ಲು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ನಡೆಯುವುದರಿಂದ, ಅದಕ್ಕೆ ಒಂದು ವಾರ ಮೊದಲು ಹೋದರೆ ಗೊಂಚಲುಗಳನ್ನೂ ನೋಡಬಹುದು.